ಹದಿನೇಳು ಹಲ್ಲು

ಮುಹರ್ರಖಿನ ಹಳೇ ಸೂಖಿನಲ್ಲಿ, ಹಲ್ವಾ ಅಂಗಡಿಗೆ ಬೆನ್ನು ಕೊಟ್ಟು
ಆರಡಿ ಅಗಲದ ನನ್ನ ಜಾಗ.
ಗಂಗೊಳ್ಳಿಯ ಶೀನ ಸೈಕಲ್ ತಳ್ಳಿಕೊಂಡು ಬಂದ,
ಹ್ಯಾಂಡಲ್ಲಿಗೆ ಇಸ್ತ್ರಿಯಾದ ಹನ್ನೊಂದು ತೋಬು,
ಪ್ಲಾಸ್ಟಿಕ್ಕಿನೊಳಗೆ ಬೆಳ್ಳಗೆ.
"ಸೇತುವೆ ಮೇಲೆ ಚೈನು ಹಾರ್ತದೆ ಉಸ್ತಾದ್, ಸಾಕಾಯ್ತು.
ಒಂದು ಗೇರ್ ಸೈಕಲ್ ಇದ್ರೆ ಹೇಳಿ."

ಕೂರು ಮಾರಾಯ. ಗೇರು ಇದಕ್ಕೂ ಉಂಟು,
ಒಂದೇ ಉಂಟು ಅಷ್ಟೆ.
ಮುಂದಿನ ಹಲ್ಲು ಎಣಿಸು: ನಲವತ್ತೆಂಟು.
ಹಿಂದೆ? ಹದಿನಾರು.
ನಿನ್ನ ಕಾಲು ಒಂದು ಸುತ್ತು ಬಂದರೆ ಗಾಲಿ ಮೂರು ಸುತ್ತು,
ರಸ್ತೆಯ ಲೆಕ್ಕದಲ್ಲಿ ಮೂರೂವರೆ ಮಾರು.
ಸಪಾಟು ನೆಲದಲ್ಲಿ ಲಾಭ.
ಶಮಾಲ್ ಎದುರು ಬೀಸಿದ ದಿನ
ಅದೇ ಮೂರೂವರೆ ಮಾರನ್ನು ಮೊಣಕಾಲು
ಬಡ್ಡಿ ಸಮೇತ ತೀರಿಸಬೇಕು.

ಚೈನಿನ ಮೇಲೆ ಸ್ಟೀಲ್ ಸ್ಕೇಲು ಇಟ್ಟೆ.
ಇಪ್ಪತ್ತನಾಲ್ಕು ಕೊಂಡಿಗೆ ಹನ್ನೆರಡು ಇಂಚು, ಹೊಸದಿದ್ದಾಗ.
ಒಂದು ವೀಸ ಹೆಚ್ಚಾದರೆ ಚೈನು ಬದಲಿಸಬೇಕು,
ಎರಡು ವೀಸಕ್ಕೆ ಅದು ಹಲ್ಲನ್ನೂ ತಿಂದಿರುತ್ತದೆ.
ಶೀನ ನಕ್ಕ: "ಇಲ್ಲಿ ಎಲ್ಲಕ್ಕೂ ವೀಸದ್ದೇ ಹೆದರಿಕೆ ಅಲ್ವಾ?"
ಅವನದು ಎರಡೂ ದಾಟಿತ್ತು.
ಹಿಂದಿನ ಹಲ್ಲುಗಳು ಒಂದೇ ದಿಕ್ಕಿಗೆ ಬಾಗಿದ್ದವು,
ತಾಟೆ ಮೀನಿನ ಬೆನ್ನುರೆಕ್ಕೆಯ ಹಾಗೆ.

ಬೆರಳಿಗೆ ಬೂದು ಬಣ್ಣದ ಹಿಟ್ಟು.
ಯಾವ ಎಣ್ಣೆ ಬಿಟ್ಟಿದ್ದಿ?
"ಅಡುಗೇದು," ಎಂದ, ತೋಬುಗಳನ್ನು ನೋಡುತ್ತ.
ಆ ಜಿಡ್ಡಿಗೆ ಮರಳು ಕೂತರೆ ಸಾಣೆಕಲ್ಲು,
ನೀನು ತುಳಿಯುತ್ತ ತುಳಿಯುತ್ತ ನಿನ್ನದನ್ನೇ ಅರೆಯುತ್ತಿ.
ಒರೆಸು. ಕೊಂಡಿಗೊಂದು ಹನಿ. ಮತ್ತೆ ಒರೆಸು.
ಹೊರಗೆ ಒಣಗಿರಲಿ, ಒಳಗಿನ ಪಿನ್ನು ಒದ್ದೆಯಿದ್ದರಾಯ್ತು.

ಆಮೇಲೆ ಆ ಟಿಕ್.
ಉಪ್ಪುಗಾಳಿಗೆ ಬಿಗಿದು ಕೂತ ಒಂದು ಕೊಂಡಿ.
ಒಟ್ಟು ನೂರಾ ಹನ್ನೆರಡು. ಮಗ್ಗಿ ಹೇಳು.
"ಹದಿನಾರೇಳ್ಲ..." ತಡವರಿಸಿದ, ಗೋಡೆ ನೋಡಿದ,
"ನೂರಾ ಹನ್ನೆರಡು!"
ಶೇಷವಿಲ್ಲ. ಅದೇ ತೊಂದರೆ.
ಸೇತುವೆಯನ್ನು ಸಾವಿರ ಸಲ ದಾಟಿದರೂ
ಆ ಕೊಂಡಿ ಬಂದು ಕೂರುವುದು ಅದೇ ಹಲ್ಲಿನ ಮೇಲೆ,
ಬೇರೆ ಹಲ್ಲುಗಳಿಗೆ ಅದರ ಸುದ್ದಿಯೇ ಇಲ್ಲ.

ನನಗೂ ಮೊಫಿಜುಲ್‌ಗೂ ಮೊದಲು ಶುಕ್ರವಾರವೇ ರಜೆ.
ಪ್ರತಿ ಶುಕ್ರವಾರ ಅದೇ ಫ್ಯಾನಿಗೆ ಅದೇ ಜಗಳ:
ಅವನಿಗೆ ಮೂರು ಬೇಕು, ನನಗೆ ಐದು.
ಆಮೇಲೆ ಮೀನು ಮಾರುಕಟ್ಟೆಯವರು
ಅವನ ರಜೆಯನ್ನು ಹತ್ತು ದಿನಕ್ಕೊಮ್ಮೆ ಮಾಡಿದರು.
ಈಗ ಎಪ್ಪತ್ತು ದಿನಕ್ಕೊಂದು ಸಲ ಇಬ್ಬರೂ ಹಗಲು ಕೋಣೆಯಲ್ಲಿ.
ಆವತ್ತು ಅವನು ಸಾಫಿ ಮೀನು ತರುತ್ತಾನೆ, ನಾನು ಮಸಾಲೆ ಅರೆಯುತ್ತೇನೆ.
ಫ್ಯಾನು ಎಷ್ಟರಲ್ಲಿದೆಯೋ ಇಬ್ಬರೂ ನೋಡುವುದಿಲ್ಲ.
ಇದನ್ನು ಶೀನನಿಗೆ ಹೇಳಲಿಲ್ಲ.

ಡಬ್ಬ ಹುಡುಕಿ ಹದಿನೇಳರದ್ದು ತೆಗೆದೆ.
ಅದರ ಮಗ್ಗಿಯಲ್ಲಿ ನೂರಾ ಹನ್ನೆರಡು ಇಲ್ಲ,
ಪ್ರತಿ ಕೊಂಡಿಯೂ ಪ್ರತಿ ಹಲ್ಲನ್ನೂ ಒಮ್ಮೆ ಮಾತಾಡಿಸಿಯೇ
ಹೊರಟಲ್ಲಿಗೆ ಬರಬೇಕು.
ತುಸು ಹಗುರವೂ ಹೌದು, ಎದುರುಗಾಳಿಗೆ.
ಹಿಂದಿನ ಗಾಲಿಯನ್ನು ಒಂದು ನೂಲು ಮುಂದೆ ಸರಿಸಿ
ಹೊಸ ಚೈನು ಹಾಕಿ ನಟ್ಟು ಬಿಗಿದೆ.

"ಎಷ್ಟಾಯ್ತು?"
ನಾಲ್ಕೂವರೆ ದಿನಾರ್.
ಅವನ ಮುಖ ನೋಡಿ, ಸಂಬಳವಾದ ಮೇಲೆ, ಎಂದೆ.

ಹೋದ. ಮಗರಿಬ್‌ನ ಬಾಂಗಿನ ನಡುವೆ
ಆ ಟಿಕ್ ಕೇಳುತ್ತದೋ ಎಂದು ಓಣಿಯ ತಿರುವಿನ ತನಕ ಕಿವಿಗೊಟ್ಟೆ.
ಪ್ಲಾಸ್ಟಿಕ್ಕಿನ ಸರಪರ ಮಾತ್ರ.
ಹಳೇ ಹದಿನಾರನ್ನು ಮೊಳೆಗೆ ನೇತುಹಾಕಿದೆ,
ಅಲ್ಲಿ ಅದರಂಥವು ಒಂಬತ್ತು ಇವೆ.
ಗಾಳಿ ಬಂದರೆ ಒಂದಕ್ಕೊಂದು ತಾಗುತ್ತವೆ.